ತೊಟ್ಟು ಮುರಿಯದ ಹಾಗೆ

ನಾನು ಉಪ್ಪಿನ ದಸ್ತಗೀರ್ ಸಾಬರ ಮಗ.
ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ ಅಬ್ಬಾನ ಗೋಣಿಗಳು
ಮಳೆಗಾಲವಿಡೀ ಬೆವರುತ್ತಿದ್ದವು.
ಸಾಣಿಕಟ್ಟೆಯ ಹರಳುಪ್ಪು, ಘಟ್ಟ ಹತ್ತಿ ಬಂದದ್ದು.
ಯಾರ ಮನೆಗೆ ಎಷ್ಟು ಸೇರು ಹೋಯಿತೆಂದು ನೋಡಿ
ಯಾರ ಮರ ಈ ಸಲ ಮಿಡಿ ಕಚ್ಚಿದೆಯೆಂದು
ಕೂತಲ್ಲೇ ಹೇಳುತ್ತಿದ್ದರು.

ಉಪ್ಪು ಹೋದ ದಾರಿಯಲ್ಲೇ ನಾನೀಗ
ಮಿಡಿ ತರಲು ಹೋಗುತ್ತೇನೆ.
ಮಾರ್ಚ್ ತಿಂಗಳು, ಹಳೇ ಓಮ್ನಿ,
ಹಿಂದಿನ ಸೀಟು ಕಿತ್ತು ಹಾಸಿದ ಹುಲ್ಲು,
ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ.

ಬೀಡಿಗಲ್ಲ.
ತೊಟ್ಟು ಚಿವುಟಿ, ಚಿಮ್ಮುವ ಸೊನೆಯನ್ನು
ಕಡ್ಡಿಯ ಉರಿಗೆ ಹಿಡಿದರೆ
ಚಟ್ಟನೆ ಕಿಡಿ ಹಾರಬೇಕು.
ಹಾರದಿದ್ದರೆ ಅದು ಬರೀ ಮಾವು.
ಹಣ್ಣಾಗಲಿ ಪಾಪ, ಅಂತ ಬಿಟ್ಟುಬರುತ್ತೇನೆ.

ರಿಪ್ಪನ್‌ಪೇಟೆ ದಾಟಿದ ಮೇಲೆ ಮೂಗೇ ನಕಾಶೆ.
ಹಳ್ಳದ ಎಡದಂಡೆಯ ಮರ ಜೀರಿಗೆ,
ಬಲದಂಡೆಯದು, ಅದರ ಒಡಹುಟ್ಟೇ, ಕರ್ಪೂರ.
ಯಾಕೆ ಹೀಗೆ ಅಂದರೆ ಗಾಮಪ್ಪ
ಕೊಕ್ಕೆಗೋಲಿಗೆ ಒರಗಿ ನಗುತ್ತಾನೆ:
"ಈ ಬದೀಗೆ ಬೆಳಗಿನ ಬಿಸ್ಲು, ಆ ಬದೀಗೆ ಸಂಜೀದು.
ನಿಮ್ಮನೇಲಿ ಅಣ್ತಮ್ದೀರು ಒಂದೇ ತರ ಅದಾರ?"

ಇಲ್ಲ.

ಅರವತ್ತು ದಾಟಿದವನು, ಇನ್ನೂ ತುದಿಗೊಂಬೆ ಮುಟ್ಟುತ್ತಾನೆ.
ಬುಟ್ಟಿಗೆ ಹಗ್ಗ ಬಿಗಿದು, ಮಲಗಿದ ಕೂಸಿರುವ
ತೊಟ್ಟಿಲನ್ನು ಇಳಿಸಿದ ಹಾಗೆ ಇಳಿಸುತ್ತಾನೆ.
ಒಂದು ಮಿಡಿ ಜಾರಿ ನೆಲಕ್ಕೆ ಬಿತ್ತೋ
ಮೇಲಿಂದ ಬೈಗುಳ, ನನಗೆ:
"ಬಾಯಿ ಬಿಟ್ಕಂಡು ನಿಂತ್ರೆ ಆಯ್ತಾ, ಹಗ್ಗ ಹಿಡೀರಿ!"

ಪೆಟ್ಟು ತಿಂದ ಮಿಡಿ ಜಾಡಿಯನ್ನೇ ಕೆಡಿಸುತ್ತದೆ.
ತೊಟ್ಟು ಮುರಿದದ್ದೂ ಅಷ್ಟೇ.

ಭಾಗೀರಥಕ್ಕನ ಮನೆಗೆ ಹೋದ ವರ್ಷ
ಕಂಪನಿಯವರು ಬಂದಿದ್ದರಂತೆ.
ಎಲ್ಲ ಮಿಡಿಯೂ ಒಂದೇ ಅಳತೆ ಇರಲಿ,
ವಿನೆಗರ್ ನಾವೇ ಕೊಡುತ್ತೇವೆ, ಟೋಪಿ ಕೈಗವಸು ಸಹ.
ಅಕ್ಕ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.
ಒಳ್ಳೆಯ ಮಜ್ಜಿಗೆ, ಇಂಗಿನ ಒಗ್ಗರಣೆ ಹಾಕಿದ್ದು.

ಅವಳ ಕತ್ತಲೆಕೋಣೆಯಲ್ಲಿ ಸಾಲು ಜಾಡಿ,
ಬಾಯಿಗೆ ಬಟ್ಟೆ, ಹೊಟ್ಟೆಯ ಮೇಲೆ ಸೀಮೆಸುಣ್ಣ:
ಮರದ ಹೆಸರು, ಕೆಳಗೆ ಸಂವತ್ಸರ.
ಕೆರೆಮೂಲೆ ಜೀರಿಗೆ, ಕ್ರೋಧಿ.
ಗುಡ್ಡೆಕೊಪ್ಪ, ಶೋಭಕೃತ್: "ಆ ವರ್ಷ ಮಳೆ ಕಮ್ಮಿ, ಸೊನೆ ಖಾರ."
ಮೂಲೆಯಲ್ಲಿ ಒಂದು, ಮೊಣಕಾಲೆತ್ತರದ್ದು:
ಸೂಲಗಿತ್ತಿ ಅಪ್ಪೆ, ಶಾರ್ವರಿ.

ಶಾರ್ವರಿ. ರಸ್ತೆಗಳಿಗೆ ಬೇಲಿ ಬಿದ್ದ ವರ್ಷ.
ಕೊಳ್ಳುವವರಿಲ್ಲ, ಮರ ಮಾತ್ರ ಕೊಂಬೆ ಬಾಗುವಷ್ಟು ಬಿಟ್ಟಿತ್ತು.
ಮರುವರ್ಷ ರಸ್ತೆ ಅಗಲವಾಯಿತು.
ಮರ ಈಗ ಟಾರಿನ ಬಿಳಿಗೆರೆಯ ಕೆಳಗೆ ಎಲ್ಲೋ.

ಅಂಗೈಗೆ ಒಂದು ಮಿಡಿ ಇಟ್ಟಳು,
ಮುರುಟಿ ಮುದುಕಿಯ ಬೆರಳಾಗಿತ್ತು.
ಕಚ್ಚಿದೆ. ಮೊದಲು ಉಪ್ಪು,
ಅಬ್ಬಾನ ಅಂಗಡಿಯ ಬಾಗಿಲು ತೆರೆದಂತೆ.
ಹುಳಿ ಆಮೇಲೆ, ಅವಸರವಿಲ್ಲದೆ.
ನುಂಗಿದ ಎಷ್ಟೋ ಹೊತ್ತಿಗೆ, ನಾನು ಬೇರೇನೋ ಹೇಳಹೊರಟಾಗ,
ಕಿವಿಯ ಹಿಂದಿನಿಂದ ಆ ಪರಿಮಳ.
ಹೇಳಬೇಕಾದದ್ದು ಮರೆತುಹೋಯಿತು.

ಮಾತು ಬಂದಾಗ ಬೆಲೆ ಹೇಳಿದೆ. ನಾಚಿಕೆಯಾಗಿ
ಎರಡರಷ್ಟು ಮಾಡಿದೆ. ಇನ್ನೂ ನಾಚಿಕೆಯಾಯಿತು.
ಅಕ್ಕ ನಗಲಿಲ್ಲ.
"ಜಾಡಿ ತುಂಬ ಮಿಡಿ ಇದೆ ಮಾರಾಯ, ನೆಡಲಿಕ್ಕೆ ಒಂದೂ ಇಲ್ಲ.
ಗೊರಟು ಕಟ್ಟುವ ಮೊದಲೇ ಕೊಯ್ದದ್ದಕ್ಕೇ
ಅಲ್ಲವಾ ಅದು ಮಿಡಿ?"

ಬಟ್ಟೆ ಬಿಗಿದು ಕಟ್ಟುತ್ತ ಕೇಳಿದಳು:
"ನಿನ್ನಪ್ಪನ ಉಪ್ಪು ಈಗಲೂ ಇದೆಯಾ?
ಪ್ಯಾಕೆಟ್ಟಿನದರಲ್ಲಿ ಮೆತ್ತಗಾಗ್ತದೆ.
ಎರಡು ಗೋಣಿ ತಂದು ಹಾಕು, ಆಮೇಲೆ ನೋಡುವ."

ಅಬ್ಬಾ ಹೋಗಿ ಒಂಬತ್ತು ವರ್ಷ. ಒಳಗಲ್ಲಿಯ ಅಂಗಡಿಯಲ್ಲಿ
ಈಗ ಮೊಬೈಲಿಗೆ ಗಾಜು ಅಂಟಿಸುತ್ತಾರೆ.
ಇದೆ, ಅಂದೆ.

ಜೀರಿಗೆ ಎರಡು ಜಾಡಿ, ಗುಡ್ಡೆಕೊಪ್ಪದ್ದೊಂದು ತುಂಬಿಕೊಂಡು
ಆಯನೂರು ದಾಟುವಾಗ ಕುಮಟೆಗೆ ಫೋನು ಹಚ್ಚಿದೆ.
ಅಬ್ಬಾನ ಕಾಲದವರು ಯಾರೂ ಎತ್ತಲಿಲ್ಲ.

ಮನೆಯಲ್ಲಿ ಅಂಗಿ ಬಿಚ್ಚುವಾಗ ಕನ್ನಡಿ ನೋಡಿದೆ.
ಮೂಲೆಯ ಜಾಡಿಗೆ ಒರಗಿದ್ದೆನೇನೋ,
ತೋಳಿನ ಮೇಲೆ ಸೀಮೆಸುಣ್ಣ. ಹಾಗೇ ನೋಡಿದರೆ ಗೀಚು,
ಕನ್ನಡಿಯಲ್ಲಿ "ಶಾರ್ವ", ಅಷ್ಟೇ.
ಬಕೆಟ್ಟಿಗೆ ಹಾಕಿ, ನೆನೆಸುತ್ತೇನೆ ಎಂದಳು ಶಾಹೀನ.

ನಾಳೆ, ಎಂದೆ.