ಉಲ್ಟಾ ಚೂಡಿ

ಲಿಲಾವಿನಾಗ ಹಿಡದದ್ದು, ಹದಿನೇಳು ಸಾವಿರಕ್ಕ,
ಶಹಾಬಾದಿನ ಒಂದು ಮುಚ್ಚಿದ ಪರ್ಸಿ ಖಣಿಯಿಂದ.
ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಕೊಂಡು ಬರುವಾಗ
ಸ್ಟೇರಿಂಗ್ ಹಿಡದು ಕುಂತವ ನಾನು,
ಬ್ರೇಕಿಲ್ಲದ ಗಾಡಿಯೊಳಗ, ಮದುಮಗನ ಹಂಗ.
ನೀಲವ್ವ ಬಾಗಲದಾಗ ನಿಂತು ಒಂದೇ ಮಾತು ಕೇಳಿದ್ಲು:
"ಇದು ಒಳಗ ಬಂದ್ರ ಜ್ವಾಳದ ಚೀಲ ಎಲ್ಲಿ ಇಡಲಿ?"

ಜ್ವಾಳದ ಚೀಲ ಈಗ ಅದರ ಬೆನ್ನ ಮ್ಯಾಲೇ ಅವ.

ಏಪ್ರಿಲ್ ತಿಂಗಳು. ಮಧ್ಯಾಹ್ನ ಪಾನಾ ಮುಟ್ಟಿದ್ರ ಅಂಗೈ ಸುಡತದ.
ಅದಕ್ಕ ನಸುಕಿನ ನಾಕಕ್ಕ ಏಳತೀನಿ.
ಸೋಲಾಪುರದ ರೈಲು ಹೋಗಿ
ಪತರಾ ನಡಗೂದು ನಿಂತ ಮ್ಯಾಲ
ನೆಲಕ್ಕ ಗೋಣಿತಟ್ಟು ಹಾಸಿ
ಗಾಡಿಯ ಹೊಟ್ಟಿ ಕೆಳಗ ಜಾರತೀನಿ.
ಬೆನ್ನಿಗೆ ಪರ್ಸಿಯ ತಂಪು.
ಈ ಕಲ್ಲು ಇದೇ ಗಾಡಿ ಹೊತ್ತು ತಂದಿರಬಹುದು, ಯಾರಿಗ್ಗೊತ್ತು.
ಮನಿ ಕಟ್ಟುವಾಗ ನಮ್ಮಪ್ಪ ಕಲ್ಲಿನ ರೇಟು ಬರದಿಟ್ಟಾನ,
ಗಾಡಿಯ ನಂಬರ ಬರದಿಟ್ಟಿಲ್ಲ.

ಬಾಗಲು ಕೆರದ್ರ ಬಿಳಿ. ಬಿಳಿಯ ಕೆಳಗ ಹಳದಿ.
ಹಳದಿಯ ಕೆಳಗ ಪಟಾಲಮ್ಮಿನ ಹಸರು.
ಅದರ ಕೆಳಗ ಉಗುರಿನಷ್ಟು ಜಾಗಾದಾಗ ಕೆಂಪು.
ಅಲ್ಲಿಗೆ ಕೈ ನಿಲ್ಲಿಸಿದೆ,
ಮುಂದ ತುಕ್ಕೇ ಇರೂದು ಅಂತ ಗೊತ್ತಿತ್ತು.
ಸೀಟಿನ ಅಡಿ ಸಿಕ್ಕಿದ್ದು ಮೂರು ಪೆಟ್ರೋಲ್ ಚೀಟಿ,
ಒಂದೇ ಕಾಲಿನ ಹವಾಯಿ ಚಪ್ಪಲಿ,
ಕುಂಬಾರ ಹುಳದ ಮಣ್ಣಿನ ಗೂಡು.
ಗೂಡು ಹಂಗೇ ಬಿಟ್ಟೀನಿ. ಬಾಡಿಗಿ ಕೇಳಿಲ್ಲ.

ಬಲಗಡಿ ಗಾಲಿ ಎರಡೂ ಸರಳ ಬಿಚ್ಚಿದವು.
ಎಡಗಡಿದು ಮೂರು ದಿನಾ ತಿರುವಿದೆ.
ಎಣ್ಣಿ ಹಾಕಿದೆ. ಬೈದೆ.
ಪಾನಾದ ತುದಿಗೆ ಬೋರಿನ ಪೈಪು ಸಿಗಿಸಿ
ಅದರ ಮ್ಯಾಲ ನಿಂತು ಕುಣದೆ.
ಎರಡು ಬೋಲ್ಟು ಟಣ್ ಅಂತ ಮುರದವು.

ನಾಕನೇ ದಿನಾ ಲಾಡ್ಲೆಸಾಬ ಬಂದ.
ಕಣ್ಣಿಗೆ ಪೊರಿ ಬಂದಾದ, ಬೆರಳಿನಿಂದ ನೋಡತಾನ.
ನಟ್ಟಿನ ಮುಖ ಸವರಿ, ನನ್ನ ಮುಖದ ಕಡಿ ತಿರುಗಿ ಅಂದ:
"ಮೂರು ದಿನಾ ಇದನ್ನ ಬಿಗಿ ಮಾಡ್ಲಾಕತ್ತೀಯಲ್ಲೋ ಯಪ್ಪಾ!
ಹಳೇ ಗಾಡಿ. ಎಡಗಡಿ ಚೂಡಿ ಉಲ್ಟಾ ಇರ್ತದ.
ಬಿಚ್ಚಬೇಕಂದ್ರ ಬಿಗಿ ಮಾಡೂ ಕಡಿ ತಿರುವಬೇಕು."

ತಿರುವಿದೆ.
ಬಂತು, ಬೆಣ್ಣಿಯಾಗಿನ ಕೂದಲದಂಗ.

ರಾತ್ರಿ ರೊಟ್ಟಿ ಮುರಕೊಂಡು ಸುಮ್ಮನ ಕುಂತಿದ್ದೆ.
ಎಷ್ಟು ಸಾಬೂನು ತಿಕ್ಕಿದ್ರೂ ಬೆರಳ ಸಂದಿ ಕರ್ರಗ,
ಪುಂಡಿಪಲ್ಲೆಗೂ ಗ್ರೀಸಿನ ವಾಸನಿ.
ಹನ್ನೊಂದು ವರ್ಷ ಆತು ಹಣಮಂತ್ರಾಯನ ಕೂಡ ಮಾತು ನಿಂತು.
ಕಾರ್ಖಾನಿ ಹರತಾಳದಾಗ ನಾ ಗೇಟಿನ ಹೊರಗ ಕುಂತೆ,
ಅಂವ ತಲಿ ತಗ್ಗಿಸಿ ಒಳಗ ಹೋದ.
ಅವನ ಹೆಂಡತಿ ಆಗ ದವಾಖಾನ್ಯಾಗಿದ್ಲು ಅಂತ
ನನಗ ಗೊತ್ತಾಗಿದ್ದು ದೀಪಾವಳಿ ಆದ ಮ್ಯಾಲ.
ಗೊತ್ತಾದ ಮ್ಯಾಲೂ ನಾ ಹೋಗಿಲ್ಲ.

ಇವತ್ತ ಮುಂಜಾನಿ ಗೇರಿನ ಪಕ್ಕದ ಸಣ್ಣ ಕೋಲು ಎಳದೆ,
ನಾಕೂ ಗಾಲಿಗೆ ಜೀವ ಹಂಚೂ ಕೋಲು.
ಒಳಗ ಎಲ್ಲೋ ಖಟ್ ಅಂತು.
ಇಂಜಿನ್ನು ಲಾಡ್ಲೆಸಾಬನ ಅಂಗಡಿಯಾಗ ಬಿಚ್ಚಿ ಬಿದ್ದದ,
ಗಾಲಿ ನಾಕೂ ಗ್ವಾಡಿಗೆ ಒರಗಿ ನಿಂತಾವ,
ಆದ್ರೂ ಖಟ್ ಅಂತು.

ಇನ್ನ ಉಳದದ್ದು ವೈರು.
ಡ್ಯಾಶಿನ ಕೆಳಗ ಜೋತು ಬಿದ್ದಾವ, ಇಲಿ ಕಡದದ್ದು, ಬಣ್ಣ ಹೋದದ್ದು.
ಯಾವುದು ದೀಪಕ್ಕ ಯಾವುದು ಹಾರ್ನಿಗೆ
ಕಣ್ಣು ಮುಚ್ಚಿ ಹೇಳಾಂವ ಈ ಊರಾಗ ಒಬ್ಬನೇ ಇದ್ದಾನ.

ನೀಲವ್ವ ಹಿಟ್ಟಿನ ಡಬ್ಬಿ ಇಳಿಸುತ್ತ ಅಂದ್ಲು,
ಯಾರಿಗೋ ಅನ್ನೂಹಂಗ:
"ಗಿರಣ್ಯಾಗ ಹಣಮಂತ್ರಾಯ ಸಿಕ್ಕಿದ್ದ.
ಗಾಡಿಗೆ ವೈರಿಂಗ್ ಆತೇನು, ಕೇಳಿದ."

"ನೀ ಏನಂದಿ?"

"ಆಗಿಲ್ಲ ಅಂದೆ."