ನಾಲ್ಕು ಅಂಗೈ ನೆಲ

ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ.
ಟೈರಿನ ಮಾತೂ ಅಷ್ಟೇ.
ಅದಕ್ಕೇ ಟೆಗ್ವೆನ್‌ಗೆ ಅಂದೆ: ಅರೆ ಸವೆದವು ಮೂರು ಸೆಟ್ ಇವೆ,
ಒಂದೊಂದನ್ನೂ ವಾರ ಓಡಿಸಿ ನೋಡು,
ಮನಸ್ಸಿಗೆ ಬಂದದ್ದರ ಹೊಸದನ್ನು ತರಿಸೋಣ.

ಮೂವತ್ತೊಂದು ವರ್ಷ ಡೊಲ್ಗೆಥ್ಲೈ ಸುತ್ತಿನ ಹಳ್ಳಿಗಳಿಗೆ
ಸಂಚಾರಿ ಗ್ರಂಥಾಲಯದ ವ್ಯಾನು ಓಡಿಸಿದವಳು.
ಬೆನ್ನ ಹಿಂದೆ ಎರಡು ಸಾವಿರ ಪುಸ್ತಕ,
ಪುಸ್ತಕದ ಹಿಂದೆ ಹಾರ್ನು ಒತ್ತುವ ಲೋಕ.
ವ್ಯಾನು ನಿಂತ ಮರುತಿಂಗಳೇ ಕೊಂಡಳು
ಎರಡೇ ಸೀಟಿನ, ಹಿಂಗಾಲಿಯಿಂದ ನುಗ್ಗುವ,
ಬಟ್ಟೆ ಮಾಡಿನ ಕಾರು. ಕೆಂಪು.
"ಹಣ್ಣಾದ ಮೇಲಲ್ಲವೇ ಕೆಂಪು?" ಅಂದಳು.

ಅದರ ಹಳೆ ಟೈರಿಗೆ ಹೆಬ್ಬೆರಳ ಉಗುರು ಒತ್ತಿದೆ, ಮಣಿಯಲಿಲ್ಲ.
ಪಕ್ಕೆಯ ಮೇಲೆ ನಾಲ್ಕು ಅಂಕಿ: ಹುಟ್ಟಿದ ವಾರ, ಹುಟ್ಟಿದ ವರ್ಷ.
ಹನ್ನೊಂದು ಚಳಿಗಾಲ ಕಂಡಿತ್ತು.
"ಗೀರು ಇನ್ನೂ ಆಳವಾಗೇ ಇದೆಯಲ್ಲ?"
ಇದೆ. ಸ್ಲೇಟುಕಲ್ಲಿನಲ್ಲೂ ಗೀರು ಕೊರೆಯಬಹುದು.
ನಿನ್ನನ್ನು ಭೂಮಿಗೆ ಹಿಡಿದಿಟ್ಟಿರುವುದು
ನಾಲ್ಕು ಅಂಗೈಯಷ್ಟು ರಬ್ಬರು, ತಾಯಿ,
ಅಂಗೈ ಮೆತ್ತಗಿರಬೇಕು.

ಬುಲ್ಖ್ ಅರ್ ಓಯರ್‌ದ್ರೂಸ್,
ಚಳಿಬಾಗಿಲು ಅಂತ ಅದರರ್ಥ.
ಆ ಕಣಿವೆಯಲ್ಲೇ ಪರೀಕ್ಷೆ, ನವೆಂಬರಿನಲ್ಲಿ.
ನನ್ನ ಗಡಿಯಾರ ಬೇಡವೆಂದಳು.
ಪಕ್ಕದ ಸೀಟಿನ ಮೇಲೆ ವೆಲ್ಷ್ ನಿಘಂಟು ಇಟ್ಟುಕೊಂಡಳು,
ಯಾವ ತಿರುವಿನಲ್ಲಿ ಅದು ಎಷ್ಟು ಜಾರಿತೋ ಅಷ್ಟು ಲೆಕ್ಕ.

ಮೊದಲನೆಯದು ಟ್ರ್ಯಾಕಿಗೆ ಹೋಗುವ ಹುಡುಗರದು,
ಅಂಟೆಂದರೆ ಅಂಟು, ಹಲಸಿನ ಮೇಣ.
ಮುಂಜಾನೆ ಮಾತ್ರ ಮರಗಟ್ಟಿದ ಕಾಲು,
ಹದ ಬರುವಷ್ಟರಲ್ಲಿ ರಸ್ತೆಯೇ ಮುಗಿಯಿತು.
ಬಿಸಿಲು ಬಿದ್ದ ದಿನ ಹಿಡಿಯಿತು ನೋಡಿ,
ನಿಘಂಟು ಬಾಗಿಲಿಗೆ ಬಡಿದು ಕಾಲಡಿ ಬಿತ್ತು.
ಆಮೇಲೊಂದು ಒದ್ದೆ ತಿರುವು.
ಚಕಾರವಿಲ್ಲದೆ ಬಿಟ್ಟಿತು.
ಕುರಿಯೊಂದು ಮೇಯುವುದು ನಿಲ್ಲಿಸಿ
ಅವಳನ್ನೇ ನೋಡಿತಂತೆ, ಬಹಳ ಹತ್ತಿರದಿಂದ.

ಎರಡನೆಯದರ ಮೈಮೇಲೆ 'ಸ್ಪೋರ್ಟ್' ಅಂತ ದಪ್ಪಕ್ಷರ.
ಸ್ಟಿಯರಿಂಗ್ ತಿರುಗಿಸಿದರೆ ಕೇಳಿಸಿಕೊಳ್ಳುತ್ತದೆ,
ಯೋಚಿಸುತ್ತದೆ,
ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತದೆ.
ಅಷ್ಟರಲ್ಲಿ ತಿರುವು ಮುಗಿದಿರುತ್ತದೆ.

ಮೂರನೆಯದಕ್ಕೆ ಯಾರೂ ಕೇಳದ ಹೆಸರು.
ಪಕ್ಕೆ ಬಿಗಿ. ಜಲ್ಲಿರಸ್ತೆಯಲ್ಲಿ ಜೇನುಗೂಡಿನ ಗುಂಯ್,
ರೇಡಿಯೋ ಕೇಳಿಸದು.
ತಿರುವು ಬಿಗಿಯಾದಂತೆ ಗೊಣಗುತ್ತದೆ,
ಇನ್ನೂ ಒತ್ತಿದರೆ ಕೀರುತ್ತದೆ,
ಆಮೇಲಷ್ಟೇ ಹಿಂಬದಿ ಮೆಲ್ಲಗೆ ಹೊರಳುತ್ತದೆ,
ತಿದ್ದಿಕೊಂಡರೆ ಮುನಿಸಿಲ್ಲದೆ ಮರಳುತ್ತದೆ.
ನಿಘಂಟು ಸೀಟಿನ ಅಂಚಿನವರೆಗೆ ಬಂದು ನಿಂತಿತ್ತು.

"ಇದೇ," ಅಂದಳು.
ನಾನು ವ್ಯಾಪಾರಿ, ಸುಮ್ಮನಿರಲಾಗಲಿಲ್ಲ:
ಮೊದಲನೆಯದು ಇದಕ್ಕಿಂತ ವೇಗ, ಬಿಸಿಯಲ್ಲಿ
ಬ್ರೇಕು ಒತ್ತಿದರೆ ಒಂದಾಳುದ್ದ ಮೊದಲೇ ನಿಲ್ಲುತ್ತದೆ.
ಅವಳು ಕೈಗವಸು ಬಿಚ್ಚಿದಳು, ಮಡಿಸಿದಳು.
"ಇದ್ವಲ್, ಕೌನ್ಸಿಲಿನವರು ಶುಕ್ರವಾರ ಸಂಜೆ ಇಮೇಲ್ ಕಳಿಸಿದರು,
ಸೋಮವಾರದಿಂದ ವ್ಯಾನಿಲ್ಲ ಅಂತ.
ಕೊರಿಸ್‌ನ ಮುದುಕಿಯೊಬ್ಬಳು ಆ ಸೋಮವಾರ
ಛತ್ರಿ ಹಿಡಿದು ಎರಡು ಗಂಟೆ ಕಾದಳಂತೆ.
ಬಿಡುವವರು ಬಿಡಲಿ ಮಾರಾಯ,
ಮೊದಲು ಒಂದಿಷ್ಟು ಕೀರಲಿ."

ನಾಲ್ಕಕ್ಕೆ ಐನೂರ ಮೂವತ್ತು ಪೌಂಡು.
ಸೀಸದ ತುಂಡು ಅಂಟಿಸಿ ತೂಗಿಸಿದೆ,
ನಟ್ಟುಗಳನ್ನು ಕೈಯಾರೆ ಬಿಗಿದೆ,
ಹೊಸ ರಬ್ಬರಿನ ಮೇಲೆ ಅಚ್ಚಿನ ಜಿಡ್ಡಿರುತ್ತದೆ,
ನೂರು ಮೈಲಿ ನಿಧಾನ, ಎಂದೆ.
ಹೂಂ ಅಂದಳು, ಒಳ್ಳೆಯ ಹುಡುಗಿಯ ಹಾಗೆ.

ಸೇತುವೆಯ ಹತ್ತಿರ ಒಂದು ತಿರುವಿದೆ.
ಟೀ ಲೋಟ ಇನ್ನೂ ತುಟಿಗೆ ಸೋಕಿರಲಿಲ್ಲ,
ಕೇಳಿಸಿತು: ಮೊದಲು ಗೊಣಗು, ಆಮೇಲೆ ಕೀರು.
ನೂರು ಮೈಲಿ ಅಂದಿದ್ದೆ.
ನೂರು ಗಜವೂ ಆಗಿರಲಿಲ್ಲ.