ಡಬಲ್ ಬೆಲ್

ಅಡಗಿಮನಿ ಹೊಸ್ತಿಲಕ್ಕ ಬಂದು ನಿಂತಾರ ಇವರು.
ಈ ಕಡೆ ಚಹಾ ಆರಾಕತ್ತೈತಿ.
ಆ ಕಡೆ ಕಾಲು ಏಳವಲ್ಲವು,
ಯಾರೋ ರಾತ್ರಿ ಬಂದು ಫರಸಿಗೆ
ಸಿಮೆಂಟ್ ಹಾಕಿ ಕೂಡಿಸಿ ಹೋದಂಗ.

ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರಿಕಿ.
ಸ್ವಾರಗೇಟಿನಿಂದ ನಿಗಡಿ, ನಿಗಡಿಯಿಂದ ಸ್ವಾರಗೇಟ್.
ಹಗ್ಗಾ ಒಮ್ಮೆ ಜಗ್ಗಿದ್ರ ನಿಲ್ಲು, ಎರಡು ಸಲ ಜಗ್ಗಿದ್ರ ನಡಿ.
"ಪುಢೇ ಚಲಾ, ಪುಢೇ ಚಲಾ" ಅಂತ
ಅರ್ಧ ಪುಣೇನ ಮುಂದ ದೂಡಿದ ಮನಷ್ಯಾ
ಈಗ ತನ್ನ ಎರಡು ಅಂಗಾಲಿಗೆ ಅದನ್ನ ಹೇಳಿದ್ರ
ಒಂದೂ ಸರಿಯಂಗಿಲ್ಲ.

ಮೊದಲು ಬೆರಳು ಸುರು ಆದವು.
ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕಿ
ಇಲ್ಲದ ಚಿಲ್ಲರೆ ಎಣಿಸೂದು.
ರಿಟೈರಾಗಿ ಆರು ವರ್ಷ ಆತು,
ಲೆಕ್ಕ ಇನ್ನೂ ಹೊಂದಿಲ್ಲೇನ್ರಿ ಅಂತ ನಕ್ಕಿದ್ದೆ ನಾನು.
ಆ ನಗು ಈಗ ಎಲ್ಲಿಡಲಿ.

ಕೇತಕಿ ಅಭ್ಯಂಕರ ಡಾಕ್ಟರು ಒಂದು ಯಂತ್ರ ಕೊಟ್ಟಾರ.
ಗಡ್ಡ ಬೋಳಿಸೋ ಮಷೀನಿನಷ್ಟು, ತುದಿಗೆ ಎರಡು ಬೆಳ್ಳಿ ಗುಂಡಿ.
ತಲಿಗೆ ತೂತಿಲ್ಲ, ಕತ್ತಿ ಇಲ್ಲ, ಹೊಲಿಗಿ ಇಲ್ಲ.
ಜೆಲ್ ಸವರಿ, ಕೊರಳಾಗ ನಾಡಿ ಬಡಿಯೋ ಕಡೆ
ಎರಡು ನಿಮಿಷ ಒತ್ತಿ ಹಿಡೀಬೇಕು, ದಿನಕ್ಕ ಮೂರು ಸಲ.
ಅಲ್ಲೊಂದು ನರ ಐತಂತ,
ತಲಿಯಿಂದ ಹೊಟ್ಟಿತನಕ
ಎಲ್ಲಾ ಸ್ಟಾಪಿನಾಗೂ ನಿಂತು ಹೋಗೂ ನರ.

"ಆದ್ರ ಇದು ಪರೀಕ್ಷಾ ರೀ," ಅಂದ್ರು ಬಾಯಿ,
"ಕೆಲವು ಡಬ್ಬ್ಯಾಗ ಖರೇ ಕರೆಂಟು, ಕೆಲವದ್ರಾಗ ಬರೇ ಚುರುಚುರು.
ನಿಮ್ಮದು ಯಾವುದು, ನನಗೂ ಗೊತ್ತಿಲ್ಲ."
ಬಹಳ ದಿನಕ್ಕ ಇವರು ನಕ್ಕರು:
"ಕರೆಂಟು ಹತ್ತೈತೋ ಇಲ್ಲೋ,
ಚೆಕ್ಕಿಂಗಿನವರು ಹತ್ತಿದ ಮ್ಯಾಲೇ ಗೊತ್ತಾಗೂದು ಅನ್ರಿ."

ಹತ್ತೊಂಬತ್ತನೇ ದಿನ ಹತ್ತು ಫರಸಿ
ಎಲ್ಲೂ ನಿಲ್ಲದ ದಾಟಿದ್ರು.
ಇಪ್ಪತ್ತನೇ ದಿನ ಬಚ್ಚಲ ಬಾಗಲಾಗ ಅರ್ಧ ತಾಸು.
ಡೈರ್ಯಾಗ ಎರಡೂ ಬರದೇನಿ.

ಬರೀದ್ದು ಒಂದೈತಿ.
ಆ ಅರ್ಧ ತಾಸಿನ ಕಡೀಕ, ತಾಳಲಾರದ,
ಚಮಚಾ ತಗೊಂಡು ಹಿತ್ತಾಳಿ ತಂಬಿಗಿಗೆ
ಟಣ್ ಟಣ್ ಅಂತ ಎರಡು ಬಾರಿಸಿದೆ.
ಬಲಗಾಲು ಎದ್ದಿತು.
ಅದರ ಹಿಂದ ಎಡಗಾಲು.
ಡೈರ್ಯಾಗ ತಂಬಿಗಿಗೆ ಖಾನೆ ಇಲ್ಲ.
ಸೋಮವಾರ ಬಾಯಿಗೆ ಹೇಳಬೇಕು.
ಪರೀಕ್ಷಾ ಕೆಟ್ಟಿತೇನೋ.
ಕೆಡಿಸಿದಾಕಿ ನಾನ ಅಂತ ಹೇಳಬೇಕು.

ಈಗ ಹೊಸ್ತಿಲದಾಗ ನಿಂತಾರ.
ಕೊರಳ ಮ್ಯಾಲಿನ ಜೆಲ್ ಇನ್ನೂ ಒಣಗಿಲ್ಲ.
ಒಳಗ ಹತ್ತಿದ್ದು ಕರೆಂಟೋ, ಗುಳಿಗಿಯೋ,
ನನ್ನ ಕಣ್ಣಿನ ಆಸೆಯೋ,
ನನಗ ಹ್ಯಾಂಗ ತಿಳೀಬೇಕು.
ಚಮಚಾ ಎತ್ತಿದೆ.

ಇವರು ಕೈ ಮ್ಯಾಲ ಮಾಡಿ
ಇಲ್ಲದ ಹಗ್ಗಾ ಹಿಡಿದರು.
"ತಡಿ ಕಾಶೀಬಾಯಿ," ಅಂದ್ರು,
"ಹಿಂದಿನ ಬಾಗಲಾಗ ಒಬ್ಬಾಕಿ ಮುದುಕಿ
ಇನ್ನೂ ಹತ್ತಾಕತ್ತಾಳ."

ಚಹಾ ಕೆನಿಗಟ್ಟಿತು.
ಆಕಿ ಹತ್ತೂತನಕ
ಇಬ್ಬರೂ ನಿಂತೆವು.